ಟ್ಯಾಂಕಿನಿಂದ ಸಿಲಿಂಡರಿನವರೆಗೆ: ಇಂದಿನ ಡೀಸೆಲ್ ಎಂಜಿನ್ನಿನ ಇಂಧನ ವ್ಯವಸ್ಥೆಯನ್ನು ಅರಿಯುವ, ಕಾಪಾಡುವ ಬಗೆ

ಡೀಸೆಲ್ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಇರುವುದಿಲ್ಲ. ಪಿಸ್ಟನ್ ಮೇಲೇರುತ್ತ ಸಿಲಿಂಡರಿನೊಳಗಿನ ಗಾಳಿಯನ್ನು ಅದರ ಮೂಲ ಗಾತ್ರದ ಹದಿನೈದನೆಯ ಅಥವಾ ಹದಿನಾರನೆಯ ಒಂದು ಭಾಗಕ್ಕೆ ಅದುಮಿದಾಗ ಆ ಗಾಳಿಯ ಉಷ್ಣತೆ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಡೀಸೆಲ್ ತಾನಾಗಿ ಹೊತ್ತಿಕೊಳ್ಳಲು ಅದರ ಅರ್ಧದಷ್ಟು ಬಿಸಿ ಸಾಕು. ಹೀಗಾಗಿ ಇಂಧನ ಯಾವಾಗ ಚಿಮ್ಮುತ್ತದೆ ಎಂಬುದೇ ದಹನ ಯಾವಾಗ ಶುರುವಾಗಬೇಕು ಎಂಬುದನ್ನು ನಿರ್ಧರಿಸುತ್ತದೆ. ಎಷ್ಟು ಚಿಮ್ಮಿತು ಎಂಬುದರ ಮೇಲೆ ಶಕ್ತಿ, ಎಷ್ಟು ನುಣ್ಣಗೆ ಚಿಮ್ಮಿತು ಎಂಬುದರ ಮೇಲೆ ಹೊಗೆ, ಒಮ್ಮೆಗೇ ಚಿಮ್ಮಿತೋ ಕಂತುಗಳಲ್ಲಿ ಚಿಮ್ಮಿತೋ ಎಂಬುದರ ಮೇಲೆ ಸದ್ದು ಅವಲಂಬಿಸಿರುತ್ತವೆ. ಡೀಸೆಲ್ ಎಂಜಿನ್ನಿನ ಗುಣದೋಷಗಳಲ್ಲಿ ಬಹುಪಾಲು ಇಂಧನ ಚಿಮ್ಮಿಸುವ ವ್ಯವಸ್ಥೆಯಿಂದಲೇ ಬರುತ್ತವೆ ಎಂದರೆ ತಪ್ಪಾಗದು.

ಇಂದು ಕಾರು, ಲಾರಿಗಳಲ್ಲಿ ಹೆಚ್ಚಾಗಿ, ಅನೇಕ ಟ್ರ್ಯಾಕ್ಟರ್, ಜನರೇಟರುಗಳಲ್ಲೂ ಬಳಕೆಯಲ್ಲಿರುವುದು ಕಾಮನ್ ರೈಲ್ ವ್ಯವಸ್ಥೆ. ಡೀಸೆಲ್ ಟ್ಯಾಂಕಿನಿಂದ ಹೊರಟು ಸಿಲಿಂಡರ್ ತಲುಪುವ ದಾರಿಯನ್ನು ಈ ಲೇಖನ ಹಂತಹಂತವಾಗಿ ಹಿಂಬಾಲಿಸುತ್ತದೆ. ಬಳಿಕ ಅದರ ಪ್ರಯೋಜನಗಳನ್ನೂ, ಎಂಜಿನ್ ಇಟ್ಟುಕೊಂಡವರು ಸ್ವತಃ ಮಾಡಬಹುದಾದ ಮತ್ತು ಮಾಡಲೇಬಾರದ ಕೆಲಸಗಳನ್ನೂ ವಿವರಿಸುತ್ತದೆ.

ಹಳೆಯ ಪಂಪಿನಲ್ಲಿದ್ದ ತೊಡಕು

ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಔಗ್ಸ್‌ಬರ್ಗ್‌ನಲ್ಲಿ ಓಡಿಸಿ ತೋರಿಸಿದ ಎಂಜಿನ್ನಿನಲ್ಲಿ ಇಂಧನವನ್ನು ಸಿಲಿಂಡರಿಗೆ ನುಗ್ಗಿಸುತ್ತಿದ್ದುದು ಅಧಿಕ ಒತ್ತಡದ ಗಾಳಿ. ಅದಕ್ಕೆ ಬೇಕಾದ ಕಂಪ್ರೆಸರಿನ ಭಾರವೇ ಅಷ್ಟಿದ್ದುದರಿಂದ ಆ ಎಂಜಿನ್ನುಗಳು ಕಾರ್ಖಾನೆ ಮತ್ತು ಹಡಗುಗಳನ್ನು ಬಿಟ್ಟು ರಸ್ತೆಗೆ ಇಳಿಯುವುದು ಕಷ್ಟವಾಗಿತ್ತು. ಬಾಷ್ ಕಂಪನಿ 1927ರಲ್ಲಿ, ಪ್ರತಿ ಸಿಲಿಂಡರಿಗೆ ಒಂದರಂತೆ ಒತ್ತುವ ಘಟಕಗಳು ಸಾಲಾಗಿರುವ ಇನ್‌ಲೈನ್ ಪಂಪನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಲು ತೊಡಗಿದ ಮೇಲೆ ಗಾಳಿಯ ನೆರವಿಲ್ಲದೆ ದ್ರವ ಇಂಧನವನ್ನೇ ನೇರವಾಗಿ ಒತ್ತಿ ಚಿಮ್ಮಿಸುವ ಪದ್ಧತಿ ಎಲ್ಲೆಡೆ ಹರಡಿತು.

ಆ ಪಂಪು ದಶಕಗಳ ಕಾಲ ನಂಬಿಕೆಯಿಂದ ದುಡಿದಿದೆ, ಇಂದಿಗೂ ಅನೇಕ ಹಳೆಯ ಎಂಜಿನ್ನುಗಳಲ್ಲಿ ದುಡಿಯುತ್ತಿದೆ. ಆದರೆ ಅದರಲ್ಲಿ ಒಂದು ಮೂಲಭೂತ ಕಟ್ಟುಪಾಡಿತ್ತು. ಎಂಜಿನ್ನಿನ ಜೊತೆ ತಿರುಗುವ ಕ್ಯಾಮ್ ಎಂಬ ಉಬ್ಬುಳ್ಳ ಬಿಲ್ಲೆ, ಪ್ಲಂಜರ್ ಎಂಬ ದಂಡವನ್ನು ಒತ್ತಿದಾಗ ಆ ಸಿಲಿಂಡರಿನ ಪೈಪಿನಲ್ಲಿ ಒತ್ತಡ ಏರುತ್ತದೆ, ಆ ಒತ್ತಡವೇ ಇಂಧನ ಚಿಮ್ಮುವ ಮೂತಿಯಾದ ನಾಝಲಿನ ಸ್ಪ್ರಿಂಗನ್ನು ಎತ್ತಿ ಇಂಧನವನ್ನು ಹೊರಬಿಡುತ್ತದೆ. ಅಂದರೆ ಒತ್ತಡ ಹುಟ್ಟುವುದೂ ಇಂಧನ ಚಿಮ್ಮುವುದೂ ಒಂದೇ ಕ್ರಿಯೆ. ಎಂಜಿನ್ ನಿಧಾನವಾಗಿ ತಿರುಗುವಾಗ ಪ್ಲಂಜರೂ ನಿಧಾನವಾಗಿ ಚಲಿಸುವುದರಿಂದ ಒತ್ತಡ ಕಡಿಮೆಯಾಗುತ್ತದೆ, ಹನಿಗಳು ದಪ್ಪವಾಗುತ್ತವೆ, ಭಾರ ಎಳೆಯಲು ಆಕ್ಸಿಲರೇಟರ್ ಒತ್ತಿದೊಡನೆ ಕಪ್ಪು ಹೊಗೆ ಬರುತ್ತದೆ. ಒತ್ತಡ ಅತ್ಯಂತ ಬೇಕಾದ ಹೊತ್ತಿನಲ್ಲೇ ಅದು ಸಿಗುತ್ತಿರಲಿಲ್ಲ. ಇಂಧನವನ್ನು ಎರಡು ಮೂರು ಕಂತುಗಳಲ್ಲಿ ಬಿಡೋಣವೆಂದರೆ ಕ್ಯಾಮಿನ ಆಕಾರ ಅದಕ್ಕೆ ಸುಲಭವಾಗಿ ಅವಕಾಶ ಕೊಡುತ್ತಿರಲಿಲ್ಲ.

ಕಾಮನ್ ರೈಲ್ ಈ ಎರಡು ಕೆಲಸಗಳನ್ನು ಬೇರ್ಪಡಿಸಿತು. ಪಂಪು ಒತ್ತಡವನ್ನು ಮಾತ್ರ ಹುಟ್ಟಿಸಿ ರೈಲ್ ಎಂಬ ಗಟ್ಟಿ ಉಕ್ಕಿನ ಕೊಳವೆಯಲ್ಲಿ ಕೂಡಿಡುತ್ತದೆ. ಯಾವಾಗ, ಎಷ್ಟು ಹೊತ್ತು, ಎಷ್ಟು ಬಾರಿ ಬಿಡಬೇಕೆಂಬುದನ್ನು, ಪ್ರತಿ ಸಿಲಿಂಡರಿಗೂ ಡೀಸೆಲ್ ಚಿಮ್ಮಿಸುವ ಇಂಜೆಕ್ಟರಿನ ವಿದ್ಯುತ್ ಕವಾಟ ನೋಡಿಕೊಳ್ಳುತ್ತದೆ. ಮೋಟರು ನೀರನ್ನು ಮೇಲಿನ ಟ್ಯಾಂಕಿಗೆ ಏರಿಸಿಟ್ಟ ಮೇಲೆ ಕೆಳಗಿನ ನಲ್ಲಿಗಳನ್ನು ಬೇಕಾದಾಗ ತೆರೆಯುವ ಹಾಗೆ ಇದು. ಕೇಳಲು ಸರಳವಾದ ಈ ವಿಚಾರ ಕಾರ್ಯರೂಪಕ್ಕೆ ಬರಲು ಬಹಳ ಕಾಲ ಹಿಡಿಯಿತು, ಏಕೆಂದರೆ ಅಷ್ಟು ಒತ್ತಡವನ್ನು ಸೋರದಂತೆ ಹಿಡಿದಿಟ್ಟು ಸೆಕೆಂಡಿನ ಸಾವಿರದಲ್ಲೊಂದು ಭಾಗದೊಳಗೆ ತೆರೆದು ಮುಚ್ಚುವ ಕವಾಟವನ್ನು ತಯಾರಿಸುವುದು ಸುಲಭವಾಗಿರಲಿಲ್ಲ. ಜಪಾನಿನ ಡೆನ್ಸೊ ಕಂಪನಿ 1995ರಲ್ಲಿ ಹಿನೊ ಲಾರಿಗೆ ಇದನ್ನು ಅಳವಡಿಸಿತು. ಇಟಲಿಯ ಫಿಯಟ್ ಬಳಗದಲ್ಲಿ ಬೆಳೆದು ಬಾಷ್ ಕಂಪನಿಯ ಕೈಯಲ್ಲಿ ಉತ್ಪಾದನೆಗೆ ಸಿದ್ಧವಾದ ವ್ಯವಸ್ಥೆ 1997ರಲ್ಲಿ ಆಲ್ಫಾ ರೋಮಿಯೊ 156 ಕಾರಿನಲ್ಲಿ ಬಂತು. ಅದರ ಗರಿಷ್ಠ ಒತ್ತಡ 1350 ಬಾರ್. ಇಂದು 2000 ಬಾರ್ ಸಾಮಾನ್ಯವಾಗಿದ್ದು, ಕೆಲವು ಎಂಜಿನ್ನುಗಳಲ್ಲಿ ಅದು 2500 ಬಾರ್ ಮುಟ್ಟಿದೆ. 2000 ಬಾರ್ ಎಂದರೆ ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ ಸುಮಾರು ಎರಡು ಟನ್ ಭಾರ.

ಮೊದಲ ಹಂತ: ಟ್ಯಾಂಕಿನಿಂದ ಫಿಲ್ಟರಿನವರೆಗೆ

ಕೀ ತಿರುಗಿಸಿದೊಡನೆ ಅನೇಕ ವಾಹನಗಳಲ್ಲಿ ಟ್ಯಾಂಕಿನೊಳಗಿನ ವಿದ್ಯುತ್ ಫೀಡ್ ಪಂಪು ಕೆಲವು ಸೆಕೆಂಡು ಗುಂಯ್ ಎನ್ನುವುದು ಕೇಳಿಸುತ್ತದೆ. ಇನ್ನು ಕೆಲವು ಎಂಜಿನ್ನುಗಳಲ್ಲಿ ಫೀಡ್ ಪಂಪು ಹೈ ಪ್ರೆಷರ್ ಪಂಪಿನ ಜೊತೆಗೇ ಇದ್ದು ಟ್ಯಾಂಕಿನಿಂದ ಡೀಸೆಲನ್ನು ಎಳೆದುಕೊಳ್ಳುತ್ತದೆ. ಈ ವ್ಯತ್ಯಾಸ ಮುಖ್ಯವಾದದ್ದು. ತಳ್ಳುವ ಪಂಪು ಇರುವ ಕಡೆ ಪೈಪು ಬಿರುಕು ಬಿಟ್ಟರೆ ಡೀಸೆಲ್ ಹೊರಗೆ ಸೋರಿ ಕಣ್ಣಿಗೆ ಬೀಳುತ್ತದೆ. ಎಳೆಯುವ ಪಂಪು ಇರುವ ಕಡೆ ಅದೇ ಬಿರುಕಿನಿಂದ ಗಾಳಿ ಒಳಗೆ ಸೇರುತ್ತದೆ, ಹೊರಗೆ ಒಂದು ಹನಿಯೂ ಕಾಣದು, ಆದರೆ ಬೆಳಗ್ಗೆ ಎಂಜಿನ್ ಸ್ಟಾರ್ಟ್ ಆಗಲು ತಕರಾರು ಮಾಡುತ್ತದೆ.

ಈ ಭಾಗದ ಒತ್ತಡ ಕೆಲವೇ ಬಾರ್ ಇರುತ್ತದೆ. ಇಲ್ಲಿರುವ ಡೀಸೆಲ್ ಫಿಲ್ಟರ್ ಕೆಲವೇ ಮೈಕ್ರಾನ್ ಗಾತ್ರದ ಕಣಗಳನ್ನೂ ತಡೆಯುವುದಲ್ಲದೆ ನೀರನ್ನು ಬೇರ್ಪಡಿಸಿ ತಳದಲ್ಲಿ ಸಂಗ್ರಹಿಸುತ್ತದೆ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಮುಂದಿನ ಹಂತಗಳಲ್ಲಿ ಬರುವ ಪ್ಲಂಜರ್ ಮತ್ತು ಕವಾಟಗಳ ನಡುವಿನ ಸಂದು ಎರಡು ಮೂರು ಮೈಕ್ರಾನ್ ಮಾತ್ರ ಇರುವುದರಿಂದ, ಇಡೀ ವ್ಯವಸ್ಥೆಯ ಆಯುಷ್ಯ ಕಡಿಮೆ ಬೆಲೆಯ ಈ ಒಂದು ಭಾಗದ ಮೇಲೆ ನಿಂತಿದೆ.

ಎರಡನೆಯ ಹಂತ: ಹೈ ಪ್ರೆಷರ್ ಪಂಪ್

ಟೈಮಿಂಗ್ ಬೆಲ್ಟ್, ಚೈನ್ ಅಥವಾ ಗೇರಿನ ಮೂಲಕ ಎಂಜಿನ್ನೇ ತಿರುಗಿಸುವ ಈ ಪಂಪಿನಲ್ಲಿ ಒಂದರಿಂದ ಮೂರು ಪ್ಲಂಜರುಗಳಿರುವುದು ರೂಢಿ. ಬೇಡದಷ್ಟು ಡೀಸೆಲನ್ನು ಒತ್ತಿ ಬಿಸಿಮಾಡಿ ವಾಪಸ್ ಕಳಿಸುವುದು ಶಕ್ತಿಯ ಪೋಲು. ಆದ್ದರಿಂದ ಪಂಪಿನ ಬಾಯಲ್ಲಿ ಮೀಟರಿಂಗ್ ವಾಲ್ವ್ ಎಂಬ ವಿದ್ಯುತ್ ಕವಾಟವಿದ್ದು, ಆ ಹೊತ್ತಿಗೆ ಬೇಕಾದಷ್ಟನ್ನೇ ಪ್ಲಂಜರುಗಳತ್ತ ಬಿಡುತ್ತದೆ.

ಈ ಪಂಪುಗಳಲ್ಲಿ ಹೆಚ್ಚಿನವಕ್ಕೆ ಬೇರೆ ಆಯಿಲ್ ಇರುವುದಿಲ್ಲ, ಹಾದುಹೋಗುವ ಡೀಸೆಲ್ಲೇ ಅದರ ಲೂಬ್ರಿಕೇಶನ್. ಗಂಧಕದ ಅಂಶವನ್ನು ತೆಗೆಯುವ ಸಂಸ್ಕರಣೆಯಲ್ಲಿ ಡೀಸೆಲಿನ ಸಹಜ ಜಿಡ್ಡೂ ಕುಗ್ಗುತ್ತದೆ. ಹೀಗಾಗಿ ಕಡಿಮೆ ಗಂಧಕದ ಡೀಸೆಲಿಗೆ ಜಿಡ್ಡು ಹೆಚ್ಚಿಸುವ ಪದಾರ್ಥವನ್ನು ಬೆರೆಸುತ್ತಾರೆ. ಯೂರೋಪಿನ ಇಎನ್ 590 ಮಾನದಂಡದಲ್ಲಿ ಇದಕ್ಕಾಗಿಯೇ ಒಂದು ಸವೆತದ ಪರೀಕ್ಷೆಯಿದ್ದು, ಉಂಟಾಗುವ ಸವೆತದ ಗುರುತು 460 ಮೈಕ್ರಾನ್ ಮೀರಬಾರದು. ಸೀಮೆಎಣ್ಣೆ ಬೆರೆತ ಡೀಸೆಲ್ ಅಥವಾ ತಪ್ಪಿ ಸೇರಿದ ಪೆಟ್ರೋಲ್ ಪಂಪನ್ನು ಹಾಳುಮಾಡುವುದು ಈ ಕಾರಣದಿಂದಲೇ. ಜಿಡ್ಡಿಲ್ಲದೆ ಲೋಹಕ್ಕೆ ಲೋಹ ಉಜ್ಜಿ ಏಳುವ ಸಣ್ಣ ಚೂರುಗಳು ಪಂಪಿನಲ್ಲೇ ಉಳಿಯದೆ ರೈಲಿಗೂ ಇಂಜೆಕ್ಟರುಗಳಿಗೂ ಹೋಗುತ್ತವೆ, ರಿಟರ್ನ್ ಪೈಪಿನ ಮೂಲಕ ಟ್ಯಾಂಕಿಗೂ ಮರಳುತ್ತವೆ. ಆಗ ಪಂಪನ್ನಷ್ಟೇ ಬದಲಿಸಿದರೆ ಹೊಸ ಪಂಪೂ ಅದೇ ಗತಿ ಕಾಣುತ್ತದೆ.

ಮೂರನೆಯ ಹಂತ: ರೈಲ್ ಮತ್ತು ಇಸಿಯು

ರೈಲಿನ ಒಂದು ತುದಿಯಲ್ಲಿ ಒತ್ತಡ ಅಳೆಯುವ ಸೆನ್ಸರ್, ಅನೇಕ ವ್ಯವಸ್ಥೆಗಳಲ್ಲಿ ಇನ್ನೊಂದು ತುದಿಯಲ್ಲಿ ಒತ್ತಡ ಇಳಿಸುವ ಕವಾಟ ಇರುತ್ತದೆ. ಸೆನ್ಸರ್ ಕೊಡುವ ವೋಲ್ಟೇಜನ್ನು ನೋಡಿಕೊಂಡು ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಮೀಟರಿಂಗ್ ವಾಲ್ವನ್ನು ಎಡೆಬಿಡದೆ ಹೊಂದಿಸುತ್ತ ಹೋಗುತ್ತದೆ. ಐಡ್ಲಿಂಗಿನಲ್ಲಿ ಸುಮಾರು 300 ಬಾರ್ ಆಸುಪಾಸಿನಲ್ಲಿರುವ ಒತ್ತಡ, ಭಾರ ಎಳೆಯುವಾಗ ಕ್ಷಣಾರ್ಧದಲ್ಲಿ ಹಲವು ಪಟ್ಟು ಏರಬಲ್ಲದು. ಎಂಜಿನ್ ವೇಗ ಕಡಿಮೆಯಿದ್ದಾಗಲೂ ಹೆಚ್ಚಿನ ಒತ್ತಡವನ್ನು ಕೇಳಿ ಪಡೆಯಬಹುದಾದ ಈ ಸ್ವಾತಂತ್ರ್ಯವೇ ಹಳೆಯ ಪಂಪಿಗೂ ಇದಕ್ಕೂ ಇರುವ ನಿಜವಾದ ಅಂತರ.

ಇಸಿಯು ನೋಡುವುದು ಒತ್ತಡವೊಂದನ್ನೇ ಅಲ್ಲ. ಕ್ರ್ಯಾಂಕ್ ಸೆನ್ಸರಿನಿಂದ ಪಿಸ್ಟನ್ ಎಲ್ಲಿದೆ ಎಂಬುದು, ಕ್ಯಾಮ್ ಸೆನ್ಸರಿನಿಂದ ಯಾವ ಸಿಲಿಂಡರ್ ಕಂಪ್ರೆಶನ್ನಿನಲ್ಲಿದೆ ಎಂಬುದು, ಏರ್ ಫ್ಲೋ ಸೆನ್ಸರಿನಿಂದ ಒಳಬಂದ ಗಾಳಿಯ ಪ್ರಮಾಣ, ಕೂಲಂಟ್ ಮತ್ತು ಇಂಧನದ ಉಷ್ಣತೆ, ಟರ್ಬೊ ಒತ್ತಡ, ಪೆಡಲಿನ ಸ್ಥಾನ ಇವೆಲ್ಲವನ್ನೂ ಕೂಡಿಸಿ ಪ್ರತಿ ಸಿಲಿಂಡರಿಗೂ ಪ್ರತಿ ಬಾರಿಯೂ ಹೊಸದಾಗಿ ಲೆಕ್ಕ ಹಾಕುತ್ತದೆ. ಎಂಜಿನ್ 4000 ಆರ್‌ಪಿಎಂನಲ್ಲಿ ತಿರುಗುವಾಗ ಕ್ರ್ಯಾಂಕ್ ಒಂದು ಡಿಗ್ರಿ ತಿರುಗಲು ಹಿಡಿಯುವ ಸಮಯ ಒಂದು ಸೆಕೆಂಡಿನ 24,000ದಲ್ಲಿ ಒಂದು ಭಾಗ. ಹಳೆಯ ಪಂಪಿನಲ್ಲಿ ಇಂಧನದ ಪ್ರಮಾಣ ಹೊಂದಿಸುತ್ತಿದ್ದ ಯಾಂತ್ರಿಕ ಗವರ್ನರ್ ಎಷ್ಟೇ ನಾಜೂಕಾಗಿದ್ದರೂ ಈ ಕರಾರುವಾಕ್ಕುತನ ಅದರ ಕೈಗೆಟಕುವುದಲ್ಲ. ಪೆಡಲ್ ಒತ್ತಿದಾಗ ನಾವು ಡೀಸೆಲನ್ನು ನೇರವಾಗಿ ಹೆಚ್ಚಿಸುವುದಿಲ್ಲ, ಇಷ್ಟು ಶಕ್ತಿ ಬೇಕೆಂದು ಇಸಿಯುವನ್ನು ಕೇಳುತ್ತೇವೆ. ಕೊಡುವುದು ಅದರ ತೀರ್ಮಾನ. ಏನಾದರೂ ದೋಷ ಕಂಡರೆ ಅದು ಶಕ್ತಿಯನ್ನು ತಾನೇ ತಗ್ಗಿಸಿ ಎಂಜಿನ್ ದೀಪ ಹೊತ್ತಿಸುವುದೂ ಇದೇ ಕಾರಣಕ್ಕೆ.

ನಾಲ್ಕನೆಯ ಹಂತ: ಇಂಜೆಕ್ಟರಿನೊಳಗೆ ನಡೆಯುವುದು

ಇಡೀ ವ್ಯವಸ್ಥೆಯಲ್ಲಿ ನಿಧಾನವಾಗಿ ನಿಂತು ನೋಡಬೇಕಾದ ಜಾಗ ಇದು. ನಾಝಲಿನ ತೂತುಗಳನ್ನು ಮುಚ್ಚಿರುವ ನೀಡಲ್ ಎಂಬ ಸೂಜಿಯಂಥ ದಂಡವನ್ನು 2000 ಬಾರ್ ಒತ್ತಡ ಅದುಮಿ ಹಿಡಿದಿರುತ್ತದೆ; ಅದನ್ನು ಸೊಲೆನಾಯ್ಡ್ ಎಂಬ ಒಂದು ಸಣ್ಣ ವಿದ್ಯುತ್ಕಾಂತ ತನ್ನ ಬಲದಿಂದ ಎತ್ತಲಾರದು. ಎಂಜಿನಿಯರುಗಳು ಇದಕ್ಕೆ ಕಂಡುಕೊಂಡ ದಾರಿ ಎಂದರೆ ಆ ಒತ್ತಡದಿಂದಲೇ ಕೆಲಸ ಮಾಡಿಸಿಕೊಳ್ಳುವುದು.

ರೈಲಿನಿಂದ ಬಂದ ಡೀಸೆಲ್ ಇಂಜೆಕ್ಟರಿನೊಳಗೆ ಎರಡಾಗಿ ಕವಲೊಡೆಯುತ್ತದೆ. ಒಂದು ಕವಲು ಕೆಳಗಿಳಿದು ನೀಡಲಿನ ತುದಿಯ ಸುತ್ತ ತುಂಬಿಕೊಂಡು ಅದನ್ನು ಮೇಲಕ್ಕೆ ತಳ್ಳುತ್ತದೆ. ಇನ್ನೊಂದು ಕವಲು ಕಿರಿದಾದ ತೂತಿನ ಮೂಲಕ ನೀಡಲಿನ ತಲೆಯ ಮೇಲಿರುವ ಕಂಟ್ರೋಲ್ ಚೇಂಬರ್ ಎಂಬ ಪುಟ್ಟ ಕೋಣೆಗೆ ಹೋಗಿ ಅದನ್ನು ಕೆಳಕ್ಕೆ ಒತ್ತುತ್ತದೆ. ಎರಡೂ ಕಡೆ ಒತ್ತಡ ಒಂದೇ ಆದರೂ ಮೇಲಿನ ವಿಸ್ತೀರ್ಣ ದೊಡ್ಡದು, ಜೊತೆಗೆ ಸ್ಪ್ರಿಂಗೂ ಇದೆ. ಆದ್ದರಿಂದ ನೀಡಲ್ ಮುಚ್ಚಿಯೇ ಇರುತ್ತದೆ. ಇಸಿಯು ಕರೆಂಟ್ ಕೊಟ್ಟಾಗ ಸೊಲೆನಾಯ್ಡ್ ಎತ್ತುವುದು ಕೋಣೆಯ ಮೇಲ್ಭಾಗದ ಪುಟ್ಟ ಕವಾಟವನ್ನು ಮಾತ್ರ. ಹೊರಹೋಗುವ ತೂತು ಒಳಬರುವ ತೂತಿಗಿಂತ ದೊಡ್ಡದಾಗಿರುವುದರಿಂದ ಕೋಣೆಯ ಒತ್ತಡ ಥಟ್ಟನೆ ಕುಸಿಯುತ್ತದೆ. ಕೆಳಗಿನ ಒತ್ತಡ ಗೆದ್ದು ನೀಡಲ್ ಮೇಲೇಳುತ್ತದೆ. ನಾಝಲಿನ ತೂತುಗಳಿಂದ ಡೀಸೆಲ್ ಚಿಮ್ಮುತ್ತದೆ. ಕರೆಂಟ್ ನಿಂತೊಡನೆ ಪುಟ್ಟ ಕವಾಟ ಮುಚ್ಚಿ ಕೋಣೆ ಮತ್ತೆ ತುಂಬಿ ನೀಡಲನ್ನು ಕೆಳಕ್ಕೆ ಒತ್ತಿ ಮುಚ್ಚುತ್ತದೆ. ಪೀಝೊ ಇಂಜೆಕ್ಟರುಗಳಲ್ಲಿ ಸೊಲೆನಾಯ್ಡಿನ ಬದಲು, ವೋಲ್ಟೇಜ್ ಕೊಟ್ಟಾಗ ಉದ್ದವಾಗುವ ಹರಳುಗಳ ಅಟ್ಟಿ ಇರುತ್ತದೆ. ಅದು ಇನ್ನೂ ಚುರುಕು.

ನಾಝಲಿನ ತೂತುಗಳು ಸಾಮಾನ್ಯವಾಗಿ ಆರರಿಂದ ಹತ್ತು, ಪ್ರತಿಯೊಂದರ ವ್ಯಾಸ ಮಿಲಿಮೀಟರಿನ ಹತ್ತರಲ್ಲೊಂದು ಭಾಗದ ಆಸುಪಾಸು. ಇಷ್ಟು ಕಿರಿದಾದ ದಾರಿಯಲ್ಲಿ ಗಾಳಿಯಲ್ಲಿನ ಶಬ್ದದ ವೇಗವನ್ನೂ ಮೀರಿ ನುಗ್ಗುವ ಡೀಸೆಲ್ ಬಿಸಿಗಾಳಿಗೆ ಅಪ್ಪಳಿಸಿ ಅತಿ ನುಣುಪಾದ ತುಂತುರಾಗುತ್ತದೆ. ಹನಿ ಸಣ್ಣದಾದಷ್ಟೂ ಅದೇ ಪ್ರಮಾಣದ ಡೀಸೆಲಿಗೆ ಗಾಳಿ ತಗಲುವ ಮೇಲ್ಮೈ ಹೆಚ್ಚಿ, ಆವಿಯಾಗಿ ಬೆರೆಯುವುದು ಬೇಗ ಮುಗಿಯುತ್ತದೆ. ಮಸಿ ಹುಟ್ಟುವುದು ಗಾಳಿ ಸಾಲದೆ ಅರೆಬೆಂದ ಜಾಗಗಳಲ್ಲಿ. ಆ ಜಾಗಗಳೇ ಕಡಿಮೆಯಾದರೆ ಹೊಗೆ ತಾನಾಗಿ ಇಳಿಯುತ್ತದೆ.

ಕಂಟ್ರೋಲ್ ಚೇಂಬರಿನಿಂದ ಹೊರಬಿದ್ದ ಡೀಸೆಲ್ ಸುಡುವುದಿಲ್ಲ, ರಿಟರ್ನ್ ಪೈಪಿನಲ್ಲಿ ಟ್ಯಾಂಕಿನತ್ತ ಮರಳುತ್ತದೆ. ಕವಾಟ ಸವೆದಂತೆ ಈ ವಾಪಸಾತಿ ಹೆಚ್ಚುತ್ತ ಹೋಗುತ್ತದೆ. ಈ ಒಂದು ಸಂಗತಿ ನೆನಪಿನಲ್ಲಿದ್ದರೆ ಮುಂದೆ ಹೇಳುವ ರಿಟರ್ನ್ ಪರೀಕ್ಷೆಯ ಅರ್ಥ ಸುಲಭವಾಗಿ ತಿಳಿಯುತ್ತದೆ.

ಐದನೆಯ ಹಂತ: ಕಂತುಗಳಲ್ಲಿ ಚಿಮ್ಮಿಸುವುದು

ಡೀಸೆಲ್ ಚಿಮ್ಮಿದ ಕ್ಷಣಕ್ಕೂ ಅದು ಹೊತ್ತಿಕೊಳ್ಳುವ ಕ್ಷಣಕ್ಕೂ ನಡುವೆ ಅತ್ಯಲ್ಪ ಅಂತರವಿರುತ್ತದೆ. ಆ ಅಂತರದಲ್ಲಿ ಹೆಚ್ಚು ಇಂಧನ ಸೇರಿಬಿಟ್ಟರೆ ಅದೆಲ್ಲ ಒಟ್ಟಿಗೇ ಹೊತ್ತಿ ಸಿಲಿಂಡರಿನ ಒತ್ತಡ ಹಠಾತ್ತನೆ ಏರುತ್ತದೆ. ಹಳೆಯ ಡೀಸೆಲ್ ಎಂಜಿನ್ನುಗಳ ಕಟಕಟ ಸದ್ದು ಇದೇ. ಕಾಮನ್ ರೈಲಿನಲ್ಲಿ ಮುಖ್ಯ ಕಂತಿಗೆ ಮುಂಚೆ ಒಂದೆರಡು ಘನ ಮಿಲಿಮೀಟರಿನಷ್ಟು ಡೀಸೆಲನ್ನು ಪೈಲಟ್ ಕಂತಾಗಿ ಬಿಡುತ್ತಾರೆ. ಅದು ಉರಿದು ಸಿಲಿಂಡರನ್ನು ಇನ್ನಷ್ಟು ಬಿಸಿಮಾಡಿರುವುದರಿಂದ ಮುಖ್ಯ ಕಂತು ಬಂದ ಹಾಗೆ ಹೊತ್ತಿಕೊಳ್ಳುತ್ತ ಹೋಗುತ್ತದೆ, ಒತ್ತಡ ಇಳಿಜಾರಿನಂತೆ ಏರುತ್ತದೆ, ಸದ್ದು ಅಡಗುತ್ತದೆ.

ಮುಖ್ಯ ಕಂತಿನ ಬೆನ್ನಿಗೇ ಬರುವ ಸಣ್ಣ ಕಂತು ಉಳಿದ ಮಸಿಯನ್ನು ಸುಡಲು ನೆರವಾಗುತ್ತದೆ. ಇನ್ನೂ ತಡವಾಗಿ, ಪಿಸ್ಟನ್ ಕೆಳಗಿಳಿಯುತ್ತಿರುವಾಗ ಬಿಡುವ ಕಂತಿನ ಉದ್ದೇಶ ಬೇರೆ: ಅದರ ಆವಿ ಸೈಲೆನ್ಸರ್ ದಾರಿಯ ಕ್ಯಾಟಲಿಸ್ಟಿನಲ್ಲಿ ಉರಿದು, ಡಿಪಿಎಫ್ ಎಂಬ ಮಸಿ ಹಿಡಿಯುವ ಫಿಲ್ಟರಿನ ಉಷ್ಣತೆಯನ್ನು ಸುಮಾರು 600 ಡಿಗ್ರಿಗೆ ಏರಿಸಿ ಅಲ್ಲಿ ಕೂಡಿದ ಮಸಿಯನ್ನು ಸುಟ್ಟು ಚೊಕ್ಕಟ ಮಾಡುತ್ತದೆ. ಈ ತಡವಾದ ಕಂತಿನಲ್ಲಿ ಸ್ವಲ್ಪ ಡೀಸೆಲ್ ಸಿಲಿಂಡರಿನ ಗೋಡೆಯಿಂದ ಎಂಜಿನ್ ಆಯಿಲಿಗೆ ಇಳಿಯುವುದುಂಟು. ಸದಾ ಅತಿ ಕಡಿಮೆ ದೂರ ಓಡಿ ನಿಲ್ಲುವ ವಾಹನಗಳಲ್ಲಿ ಶುದ್ಧೀಕರಣ ಅರ್ಧಕ್ಕೇ ನಿಂತು ಮತ್ತೆ ಮತ್ತೆ ಶುರುವಾಗುವುದರಿಂದ ಆಯಿಲಿನ ಮಟ್ಟ ಇಳಿಯುವ ಬದಲು ಏರುತ್ತದೆ. ಡಿಪ್‌ಸ್ಟಿಕ್ಕಿನಲ್ಲಿ ಮಟ್ಟ ಮೇಲಿನ ಗೆರೆಯನ್ನು ದಾಟಿದ್ದರೆ ಅದನ್ನು ಕಡೆಗಣಿಸದೆ ಆಯಿಲನ್ನು ಬದಲಿಸಬೇಕು.

ಇದರಿಂದ ದೊರೆತದ್ದೇನು

ಇಂಧನ ಉಳಿತಾಯದ ವಿಷಯದಲ್ಲಿ ಒಂದು ಸ್ಪಷ್ಟನೆ ಅಗತ್ಯ. ಹಳೆಯ ಡೀಸೆಲ್ ಕಾರುಗಳಲ್ಲಿ ಡೀಸೆಲನ್ನು ಮೊದಲು ಪಕ್ಕದ ಸಣ್ಣ ಕೋಣೆಯಲ್ಲಿ ಹೊತ್ತಿಸುವ ಪದ್ಧತಿಯಿತ್ತು. ಸದ್ದು ಕಡಿಮೆಯಾಗುತ್ತಿತ್ತು, ಆದರೆ ಆ ಕೋಣೆಯ ಗೋಡೆಗಳು ಬಿಸಿಯನ್ನು ಹೀರಿ ಇಂಧನ ವ್ಯರ್ಥವಾಗುತ್ತಿತ್ತು. ನೇರವಾಗಿ ಪಿಸ್ಟನ್ನಿನ ಮೇಲೆ ಚಿಮ್ಮಿಸಿದರೆ ಆ ನಷ್ಟ ತಪ್ಪುತ್ತದೆಂದು ಲಾರಿ ಎಂಜಿನ್ನುಗಳ ಅನುಭವದಿಂದ ತಿಳಿದಿತ್ತು. ಕಾರಿಗೆ ಆ ಗಡಸು ಸದ್ದು ಒಗ್ಗುತ್ತಿರಲಿಲ್ಲ. ಪೈಲಟ್ ಕಂತು ಆ ಸದ್ದನ್ನು ಅಡಗಿಸಿದ್ದರಿಂದ ನೇರ ಇಂಜೆಕ್ಷನ್ ಕಾರುಗಳಲ್ಲಿ ಸರ್ವಸಾಮಾನ್ಯವಾಯಿತು. ಆದ್ದರಿಂದ ಕಾಮನ್ ರೈಲ್ ಕಾರುಗಳ ಮೈಲೇಜಿನಲ್ಲಿ ದೊಡ್ಡ ಪಾಲು ನೇರ ಇಂಜೆಕ್ಷನ್ನಿಗೆ ಸಲ್ಲಬೇಕು.

ಪಿಕಪ್ಪಿನ ವಿಷಯದಲ್ಲಿ ಶ್ರೇಯಸ್ಸು ನೇರವಾಗಿ ಕಾಮನ್ ರೈಲಿನದು. ಕಡಿಮೆ ಆರ್‌ಪಿಎಂನಲ್ಲೇ ಪೂರ್ಣ ಒತ್ತಡ ಸಿಗುವುದರಿಂದ ಟರ್ಬೊ ಕೊಡುವ ಗಾಳಿಗೆ ತಕ್ಕಷ್ಟು ಡೀಸೆಲನ್ನು ಹೊಗೆಯಿಲ್ಲದೆ ಸುಡಬಹುದು. ಏರುದಾರಿಯಲ್ಲಿ ಗೇರ್ ಇಳಿಸುವ ಪ್ರಮೇಯ ಕಡಿಮೆಯಾಗುತ್ತದೆ. ಚಳಿಯಲ್ಲಿ ಸ್ಟಾರ್ಟ್ ಆಗುವುದೂ ಸುಲಭ. ಒಂದು ಸಿಲಿಂಡರ್ ಸ್ವಲ್ಪ ಬಲಹೀನವಾಗಿದ್ದರೆ ಇಸಿಯು ಅದಕ್ಕೆ ತುಸು ಹೆಚ್ಚು ಡೀಸೆಲ್ ಕೊಟ್ಟು ಐಡ್ಲಿಂಗನ್ನು ಸಮವಾಗಿಡುತ್ತದೆ.

ಹೊಗೆಯ ವಿಷಯ ಅಷ್ಟು ಸರಳವಲ್ಲ. ದಹನ ಬಿರುಸಾಗಿ, ಹೆಚ್ಚು ಬಿಸಿಯಲ್ಲಿ ನಡೆದರೆ ಮಸಿ ಕಡಿಮೆಯಾಗುತ್ತದೆ, ಆದರೆ ಅದೇ ಬಿಸಿಯಲ್ಲಿ ಗಾಳಿಯ ಸಾರಜನಕ ಆಮ್ಲಜನಕದೊಡನೆ ಸೇರಿ ನೈಟ್ರೋಜನ್ ಆಕ್ಸೈಡುಗಳಾಗುತ್ತವೆ. ಬಿಸಿ ತಗ್ಗಿಸಲು ಹೊಗೆಯ ಒಂದು ಪಾಲನ್ನು ಮರಳಿ ಒಳಗೆ ಬಿಟ್ಟರೆ ಮಸಿ ಏರುತ್ತದೆ. ಇಂಜೆಕ್ಷನ್ ವ್ಯವಸ್ಥೆ ಈ ಎಳೆದಾಟವನ್ನು ಸಡಿಲಿಸಿದೆ, ಇಲ್ಲವಾಗಿಸಿಲ್ಲ. ಇಂದಿನ ವಾಹನಗಳಲ್ಲಿ ಡಿಪಿಎಫ್ ಮತ್ತು ಯೂರಿಯಾ ದ್ರಾವಣ ಸಿಂಪಡಿಸಿ ನೈಟ್ರೋಜನ್ ಆಕ್ಸೈಡುಗಳನ್ನು ತಗ್ಗಿಸುವ ಎಸ್‌ಸಿಆರ್ ಜೊತೆಗೂಡಿರುವುದು ಅದಕ್ಕಾಗಿ. ಇವುಗಳನ್ನು ಕಿತ್ತುಹಾಕಿಸಿದರೆ ಎಂಜಿನ್ ಚೆನ್ನಾಗಿ ಓಡುತ್ತದೆಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ನಾವೆಲ್ಲ ಉಸಿರಾಡುವ ಗಾಳಿಗೆ ಆಗುವ ಹಾನಿ ನಿಜವಾದದ್ದು.

ಸ್ವತಃ ಮಾಡಬಹುದಾದ ಕೆಲಸ: ನೀರು ತೆಗೆಯುವುದು, ಫಿಲ್ಟರ್ ಬದಲಿಸುವುದು

ಫಿಲ್ಟರಿನ ತಳದಲ್ಲಿ ನೀರು ಬಿಡುವ ಸ್ಕ್ರೂ ಇದ್ದರೆ, ಎಂಜಿನ್ ನಿಲ್ಲಿಸಿ ತಣ್ಣಗಾದ ಮೇಲೆ ಅಡಿಯಲ್ಲಿ ಪಾರದರ್ಶಕ ಡಬ್ಬಿ ಇಟ್ಟು ಅದನ್ನು ಸಡಿಲಿಸಬೇಕು. ಡೀಸೆಲಿಗಿಂತ ನೀರು ಭಾರವಾದ್ದರಿಂದ ಅದು ಮೊದಲು ಬರುತ್ತದೆ, ಡಬ್ಬಿಯ ತಳದಲ್ಲಿ ಬೇರೆಯಾಗಿ ಕಾಣುತ್ತದೆ. ಬರೀ ಡೀಸೆಲ್ ಬರತೊಡಗಿದಾಗ ಮುಚ್ಚಬೇಕು. ಡ್ಯಾಶ್‌ಬೋರ್ಡಿನಲ್ಲಿ ನೀರಿನ ದೀಪ ಹೊತ್ತಿದರೆ ಮುಂದಿನ ಸರ್ವಿಸಿನವರೆಗೆ ಕಾಯಬಾರದು. ನೀರು ಮುಂದೆ ಹೋದರೆ ತುಕ್ಕು ಹಿಡಿಸಿ ಪಂಪು, ಇಂಜೆಕ್ಟರುಗಳನ್ನು ಕೆಡಿಸುತ್ತದೆ.

ಫಿಲ್ಟರ್ ಬದಲಿಸುವ ಮುನ್ನ ಅದರ ಹೊರಮೈಯನ್ನೂ ಪೈಪಿನ ಕೀಲುಗಳನ್ನೂ ಚೆನ್ನಾಗಿ ಒರೆಸಬೇಕು, ಏಕೆಂದರೆ ಬಿಚ್ಚುವಾಗ ಒಳಗೆ ಬೀಳುವ ಧೂಳು ಫಿಲ್ಟರಿನ ಆಚೆಬದಿಗೆ ಸೇರಿದರೆ ಅದನ್ನು ತಡೆಯಲು ಮುಂದೆ ಯಾವ ಫಿಲ್ಟರೂ ಇಲ್ಲ. ನೂಲು ಬಿಡುವ ಬಟ್ಟೆ, ವೇಸ್ಟ್ ಕಾಟನ್ ಬೇಡ. ಹೊಸ ಫಿಲ್ಟರನ್ನು ಕೂರಿಸುವ ಕೊನೆಯ ನಿಮಿಷದವರೆಗೂ ಪೊಟ್ಟಣದಲ್ಲೇ ಇರಿಸಬೇಕು. ಸ್ಟಾರ್ಟ್ ಬೇಗ ಆಗಲೆಂದು ಡಬ್ಬಿಯ ಡೀಸೆಲನ್ನು ಹೊಸ ಫಿಲ್ಟರಿಗೆ ಸುರಿಯುವ ಅಭ್ಯಾಸ ಹಳೆಯ ಎಂಜಿನ್ನುಗಳಿಂದ ಬಂದದ್ದು. ಸೋಸದ ಡೀಸೆಲ್ ಶುದ್ಧ ಬದಿಗೆ ಹೋಗುವ ಸಾಧ್ಯತೆಯಿರುವುದರಿಂದ ಕಾಮನ್ ರೈಲಿನಲ್ಲಿ ಅದನ್ನು ಬಿಡಬೇಕು. ಹ್ಯಾಂಡ್ ಪ್ರೈಮರ್ ಇದ್ದರೆ ಅದು ಗಟ್ಟಿಯಾಗುವವರೆಗೆ ಒತ್ತಬೇಕು. ವಿದ್ಯುತ್ ಫೀಡ್ ಪಂಪು ಇದ್ದರೆ ಕೀಯನ್ನು ಆನ್ ಮಾಡಿ, ಪಂಪು ನಿಂತ ಮೇಲೆ ಆಫ್ ಮಾಡಿ, ಇದನ್ನೇ ಹಲವು ಬಾರಿ ಮಾಡಬೇಕು. ಬಳಿಕ ಒಮ್ಮೆಗೆ ಹತ್ತು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯದೆ, ನಡುವೆ ಬಿಡುವು ಕೊಟ್ಟು ಸ್ಟಾರ್ಟ್ ಮಾಡಬೇಕು. ಎಂಜಿನ್ ಓಡುತ್ತಿರುವಾಗ ಫಿಲ್ಟರಿನ ಸುತ್ತ ಒಸರುತ್ತಿದೆಯೇ ಎಂದು ನೋಡಿದರೆ ಕೆಲಸ ಮುಗಿಯಿತು. ಟ್ಯಾಂಕ್ ಪೂರ್ತಿ ಬರಿದಾಗಿ ಎಂಜಿನ್ ನಿಂತಾಗಲೂ ಏರ್ ತೆಗೆಯುವ ಕ್ರಮ ಇದೇ.

ಮಾಡಲೇಬಾರದ ಕೆಲಸಗಳು

ಹಳೆಯ ಎಂಜಿನ್ನಿನಲ್ಲಿ ಏರ್ ತೆಗೆಯಲೆಂದೋ ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲವೆಂದು ತಿಳಿಯಲೆಂದೋ ಇಂಜೆಕ್ಟರ್ ಪೈಪಿನ ನಟ್ ಸಡಿಲಿಸುವುದು ವಾಡಿಕೆಯಾಗಿತ್ತು. ಕಾಮನ್ ರೈಲಿನಲ್ಲಿ ಓಡುತ್ತಿರುವ ಎಂಜಿನ್ನಿನ ಹೈ ಪ್ರೆಷರ್ ಪೈಪನ್ನು ಎಂದಿಗೂ ಸಡಿಲಿಸಬಾರದು. ಆ ಒತ್ತಡದಲ್ಲಿ ಹೊರಡುವ ಕಣ್ಣಿಗೆ ಕಾಣದಷ್ಟು ತೆಳುವಾದ ಡೀಸೆಲ್ ಧಾರೆ ಚರ್ಮವನ್ನು ಸೀಳಿ ಮಾಂಸದೊಳಗೆ ಇಳಿಯುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಸಣ್ಣದಾಗಿ ಕಂಡು ಮೊದಲಿಗೆ ನೋವೂ ಹೆಚ್ಚಿರದಿದ್ದರೂ ಒಳಗೆ ಅಂಗಾಂಶ ಕೊಳೆಯತೊಡಗಿ ಬೆರಳು ಅಥವಾ ಕೈ ಕಳೆದುಕೊಳ್ಳುವ ಅಪಾಯವಿದೆ. ಹಾಗಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಅಧಿಕ ಒತ್ತಡದ ಡೀಸೆಲ್ ಒಳಹೊಕ್ಕಿದೆ ಎಂದು ಸ್ಪಷ್ಟವಾಗಿ ಹೇಳಬೇಕು. ಸೋರಿಕೆಯನ್ನು ಬೆರಳಿನಿಂದ ಹುಡುಕದೆ ರಟ್ಟಿನ ತುಂಡನ್ನು ದೂರದಿಂದ ಹಿಡಿದು ಹುಡುಕಬೇಕು. ಎಂಜಿನ್ ನಿಲ್ಲಿಸಿದ ಮೇಲೂ ಒತ್ತಡ ಇಳಿಯಲು ತಯಾರಕರು ಸೂಚಿಸಿದಷ್ಟು ಹೊತ್ತು ಕಾದು ನಂತರವೇ ಪೈಪು ಮುಟ್ಟಬೇಕು.

ಓಡುತ್ತಿರುವಾಗ ಇಂಜೆಕ್ಟರಿನ ವೈರ್ ಕೀಳುವುದೂ ಸಲ್ಲದು. ಅಲ್ಲಿನ ವೋಲ್ಟೇಜ್ ಬ್ಯಾಟರಿಗಿಂತ ಹಲವು ಪಟ್ಟು ಹೆಚ್ಚು. ಸಿಲಿಂಡರ್ ಪರೀಕ್ಷೆಯನ್ನು, ಇಸಿಯುಗೆ ಜೋಡಿಸಿ ಅದರ ಅಂಕಿಗಳನ್ನು ಓದುವ ಸ್ಕ್ಯಾನರಿನಿಂದಲೇ ಮಾಡಬಹುದು.

ಡೀಸೆಲ್ ಟ್ಯಾಂಕಿಗೆ ಪೆಟ್ರೋಲ್ ಬಿದ್ದಿದ್ದು ಗಮನಕ್ಕೆ ಬಂದರೆ ಕೀಯನ್ನು ಆನ್ ಕೂಡ ಮಾಡಬಾರದು, ಏಕೆಂದರೆ ವಿದ್ಯುತ್ ಫೀಡ್ ಪಂಪು ಇರುವ ವಾಹನದಲ್ಲಿ ಅಷ್ಟಕ್ಕೇ ಪೆಟ್ರೋಲ್ ಮುಂದಕ್ಕೆ ಹೊರಡುತ್ತದೆ. ವಾಹನವನ್ನು ತಳ್ಳಿ ಬದಿಗಿಟ್ಟು ಟ್ಯಾಂಕ್ ಖಾಲಿ ಮಾಡಿಸುವ ಖರ್ಚು, ಪಂಪು ಮತ್ತು ಇಂಜೆಕ್ಟರುಗಳ ಖರ್ಚಿನ ಮುಂದೆ ಏನೇನೂ ಅಲ್ಲ.

ಸ್ಟಾರ್ಟ್ ಆಗದಿದ್ದಾಗ ಹುಡುಕುವ ಕ್ರಮ

ಎಂಜಿನ್ ತಿರುಗುತ್ತದೆ, ಆದರೆ ಹಿಡಿಯುವುದಿಲ್ಲ ಎಂಬ ದೂರಿಗೆ ನೇರವಾಗಿ ಇಂಜೆಕ್ಟರುಗಳ ಮೇಲೆ ತಪ್ಪು ಹೊರಿಸುವವರು ಬಹಳ. ಅಗ್ಗದ ಕಾರಣಗಳನ್ನು ಮೊದಲು ತಳ್ಳಿಹಾಕುವುದೇ ಸರಿಯಾದ ದಾರಿ. ಟ್ಯಾಂಕಿನಲ್ಲಿ ಡೀಸೆಲ್ ಇದೆಯೇ, ಬ್ಯಾಟರಿ ಎಂಜಿನ್ನನ್ನು ಸಾಕಷ್ಟು ವೇಗವಾಗಿ ತಿರುಗಿಸುತ್ತಿದೆಯೇ, ಫಿಲ್ಟರ್ ಎಷ್ಟು ಹಳೆಯದು, ಪಾರದರ್ಶಕ ಪೈಪಿನಲ್ಲಿ ಗಾಳಿಗುಳ್ಳೆಗಳು ಓಡುತ್ತಿವೆಯೇ ಎಂದು ನೋಡಬೇಕು. ಬಳಿಕ ಸ್ಕ್ಯಾನರ್ ಹಚ್ಚಿ ಸೆಲ್ಫ್ ಹೊಡೆಯುವಾಗ ರೈಲ್ ಒತ್ತಡ ಎಷ್ಟು ಏರುತ್ತದೆಂದು ಗಮನಿಸಬೇಕು. ಅನೇಕ ಎಂಜಿನ್ನುಗಳಲ್ಲಿ ಅದು 200 ಬಾರ್ ಆಸುಪಾಸು ತಲುಪದಿದ್ದರೆ ಇಸಿಯು ಇಂಜೆಕ್ಟರುಗಳನ್ನು ತೆರೆಯುವುದೇ ಇಲ್ಲ. ಒತ್ತಡ ಸರಿಯಾಗಿದ್ದೂ ಸ್ಟಾರ್ಟ್ ಆಗದಿದ್ದರೆ ಕ್ರ್ಯಾಂಕ್, ಕ್ಯಾಮ್ ಸೆನ್ಸರುಗಳತ್ತ ತಿರುಗಬೇಕು.

ಒತ್ತಡ ಏರದಿದ್ದರೆ ರಿಟರ್ನ್ ಪರೀಕ್ಷೆಯ ಸರದಿ. ಪ್ರತಿ ಇಂಜೆಕ್ಟರಿನ ವಾಪಸಾತಿ ಪೈಪನ್ನು ಬಿಡಿಸಿ ಅಳತೆ ಗೆರೆಗಳಿರುವ ಒಂದೊಂದು ಬಾಟಲಿಗೆ ಸೇರಿಸಿ, ಒಂದೇ ಅವಧಿ ಎಂಜಿನ್ ಓಡಿಸಿ ಅಥವಾ ಸೆಲ್ಫ್ ಹೊಡೆದು ನೋಡಿದರೆ ಒಂದು ಬಾಟಲಿ ಉಳಿದವುಗಳಿಗಿಂತ ಬಹಳ ಹೆಚ್ಚು ತುಂಬಿದ್ದು ಕಾಣಬಹುದು. ಪಂಪು ಕೂಡಿಡುವ ಒತ್ತಡ ಆ ಇಂಜೆಕ್ಟರಿನ ಸವೆದ ಕವಾಟದಿಂದ ಸೋರಿಹೋಗುತ್ತಿದೆ ಎಂದು ಅದರ ಅರ್ಥ. ಎಲ್ಲ ಬಾಟಲಿಗಳೂ ಸಮವಾಗಿ, ಮಿತಿಯೊಳಗಿದ್ದರೆ ಸಂಶಯ ಪಂಪು, ಮೀಟರಿಂಗ್ ವಾಲ್ವ್ ಅಥವಾ ರೈಲಿನ ಒತ್ತಡ ಕವಾಟದ ಮೇಲೆ ಬೀಳುತ್ತದೆ. ಈ ಪರೀಕ್ಷೆ ಮಾಡದೆ ನಾಲ್ಕೂ ಇಂಜೆಕ್ಟರ್ ಬದಲಿಸಬೇಕೆಂದು ಹೇಳಿದರೆ, ಯಾವ ಅಳತೆಯ ಆಧಾರದ ಮೇಲೆ ಎಂದು ಕೇಳುವ ಹಕ್ಕು ವಾಹನದ ಮಾಲೀಕರಿಗಿದೆ.

ಇಂಜೆಕ್ಟರ್ ಬದಲಿಸಿದ್ದಾದರೆ ಅದರ ಅಡಿಯ ತಾಮ್ರದ ವಾಷರ್ ಹೊಸದೇ ಆಗಿರಬೇಕು. ಹಳೆಯದನ್ನೇ ಹಾಕಿದರೆ ಸಿಲಿಂಡರಿನ ಬಿಸಿಗಾಳಿ ನುಸುಳಿ ಇಂಜೆಕ್ಟರಿನ ಸುತ್ತ ಡಾಂಬರಿನಂಥ ಕಪ್ಪು ಪದಾರ್ಥ ಗಟ್ಟಿಯಾಗುತ್ತದೆ, ಮುಂದೆ ಇಂಜೆಕ್ಟರ್ ಕಳಚುವುದೇ ಕಷ್ಟವಾಗುತ್ತದೆ. ಯಾವ ಎರಡು ಇಂಜೆಕ್ಟರುಗಳೂ ತದ್ವತ್ ಒಂದೇ ಪ್ರಮಾಣ ಚಿಮ್ಮಿಸುವುದಿಲ್ಲವಾದ್ದರಿಂದ ಕಾರ್ಖಾನೆಯಲ್ಲಿ ಅಳೆದು ಅದರ ಮೈಮೇಲೆ ಒಂದು ಕೋಡ್ ಅಚ್ಚೊತ್ತಿರುತ್ತಾರೆ. ಕೋಡ್ ಕೇಳುವ ವ್ಯವಸ್ಥೆಗಳಲ್ಲಿ ಅದನ್ನು ಸ್ಕ್ಯಾನರ್ ಮೂಲಕ ಆಯಾ ಸಿಲಿಂಡರಿನ ಹೆಸರಿನಲ್ಲಿ ಇಸಿಯುಗೆ ಬರೆಸದಿದ್ದರೆ ಹೊಸ ಇಂಜೆಕ್ಟರೂ ಒರಟಾಗಿ ಓಡಬಹುದು. ಕೆಲಸ ಮುಗಿದ ಮೇಲೆ ಎಂಜಿನ್ನನ್ನು ಪೂರ್ತಿ ಬಿಸಿಯಾಗಲು ಬಿಟ್ಟು, ಐಡ್ಲಿಂಗಿನಲ್ಲಿ ಇಸಿಯು ಪ್ರತಿ ಸಿಲಿಂಡರಿಗೆ ಮಾಡುತ್ತಿರುವ ತಿದ್ದುಪಡಿಯ ಅಂಕಿಗಳನ್ನು ಸ್ಕ್ಯಾನರಿನಲ್ಲಿ ನೋಡಿ ಬರೆದಿಟ್ಟುಕೊಳ್ಳಬೇಕು. ಮುಂದಿನ ಸರ್ವಿಸಿನಲ್ಲಿ ಅದೇ ಅಂಕಿಗಳನ್ನು ಹೋಲಿಸಿದರೆ ಯಾವ ಇಂಜೆಕ್ಟರ್ ಸವೆಯುತ್ತಿದೆ ಎಂಬುದು ಎಂಜಿನ್ ತಕರಾರು ಶುರುಮಾಡುವ ಮುಂಚೆಯೇ ತಿಳಿಯುತ್ತದೆ.